ಮೊಸರಿನವಳು ಬರುವ ದಾರಿ

ಚಿತ್ರದುರ್ಗದ ನಮ್ಮ ಮನೆಯಲ್ಲಿ ಟಿವಿ ಪಕ್ಕ ಒಂದು ಕಪ್ಪು ಡಬ್ಬಿ ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತದೆ. ಒಳಗೆ ಎರಡು ಹಾರ್ಡ್ ಡಿಸ್ಕು, ಒಂದು ಪುಟ್ಟ ಕಂಪ್ಯೂಟರು. ‘ನ್ಯಾಸ್’ ಅಂತ ಹೆಸರು. 1933ರ ನಂತರ ಮೊದಲ ಸಲ 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಹಿರಿಯೂರಿಗೆ ಓಡಿಹೋಗಿ ತೆಗೆದ ವಿಡಿಯೊ, ಹೊಸದುರ್ಗದ ಮದುವೆ ಫೋಟೊ, ಹೊಳಲ್ಕೆರೆಯ ಅಣ್ಣನ ಅಡಿಕೆ ಲೆಕ್ಕ, ಎಲ್ಲ ಅದರಲ್ಲೇ.

ಎರಡು ಡಿಸ್ಕಿದೆಯಲ್ಲ, ಇನ್ನೇನು ಭಯ ಅಂದುಕೊಂಡಿದ್ದೆ. ನಮ್ಮಲ್ಲಿದ್ದು ಓದುವ ಅಣ್ಣನ ಮಗ ಒಂದು ದಿನ ಆಟ ತುಂಬಿಸಲು ಜಾಗ ಬೇಕೆಂದು ಲೆಕ್ಕದ ಫೋಲ್ಡರನ್ನೇ ಅಳಿಸಿದ. ಎರಡೂ ಡಿಸ್ಕಿನಿಂದ ಒಂದೇ ಗಳಿಗೆಯಲ್ಲಿ ಮಾಯ! ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ಅಷ್ಟೆ. ಅಳಿಸಿದ್ದನ್ನು ಅದು ಕನ್ನಡಿಯ ಹಾಗೆ ತಾನೂ ಅಳಿಸುತ್ತದೆ.

ಪಾಸ್‌ವರ್ಡ್ ಇರಲಿಲ್ಲವೆ? ಇತ್ತು. ಅದರ ಕೆಲಸವೇ ಒಂದು ಸೊಗಸು. ಲ್ಯಾಪ್‌ಟಾಪು ಫೋಲ್ಡರ್ ಹಂಚಲೆಂದೇ ಇರುವ 445ನೇ ಪೋರ್ಟಿನ ಬಾಗಿಲು ತಟ್ಟಿದಾಗ ಡಬ್ಬಿ ‘ಪಾಸ್‌ವರ್ಡ್ ಹೇಳು’ ಅನ್ನುವುದಿಲ್ಲ. ಕೈಗೆ ಸಿಕ್ಕ ಒಂದು ಸಂಖ್ಯೆ ಎಸೆಯುತ್ತದೆ. ಲ್ಯಾಪ್‌ಟಾಪು ಅದನ್ನು ಪಾಸ್‌ವರ್ಡಿನ ಜೊತೆ ಕಲಸಿ ಉತ್ತರ ಮಾತ್ರ ಕಳಿಸುತ್ತದೆ. ಡಬ್ಬಿಯೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಗುಟ್ಟು ತಂತಿಯ ಮೇಲೆ ಹಾಯುವುದೇ ಇಲ್ಲ.

ಬೀಗ ಗಟ್ಟಿಯೇ. ಆದರೆ ಒಳಗೆ ಬಂದವರು ಏನು ಮಾಡಬಹುದು ಅನ್ನುವ ಪಟ್ಟಿಯಲ್ಲಿ ‘ಎಲ್ಲರೂ ಓದಬಹುದು, ಬರೆಯಬಹುದು’ ಎಂದು ಬಿಟ್ಟಿದ್ದೆ. ಲ್ಯಾಪ್‌ಟಾಪಿಗೆ ಹೊಕ್ಕ, ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರಿಗೂ ಇಷ್ಟೇ ಸಾಕು. ಬೀಗ ಒಡೆಯುವ ತಾಪತ್ರಯವಿಲ್ಲ, ನಮ್ಮ ಕೈಯಿಂದಲೇ ನಮ್ಮ ಫೈಲು ಗೂಢಲಿಪಿಯಾಗುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಅಲ್ಲಾಡಿಸಿದ ವಾನಾಕ್ರೈ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾರಿದ್ದು ಫೋಲ್ಡರ್ ಹಂಚುವ ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯ ತೂತಿನಿಂದ. ಮೈಕ್ರೊಸಾಫ್ಟ್ ಎರಡು ತಿಂಗಳ ಮೊದಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಡಬ್ಬಿಯಲ್ಲಿ ಆ ಆವೃತ್ತಿ ಇನ್ನೂ ಆನ್ ಇದ್ದರೆ ಇವತ್ತೇ ಆಫ್ ಮಾಡಿ.

ನನ್ನ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ಕೋಟೆಯ ಓಬವ್ವನ ಕಿಂಡಿಯಿಂದ ಮೊಸರು ಮಾರುವವಳು ನುಸುಳಿ ಬರುವುದನ್ನು ಕಂಡೇ ಹೈದರಾಲಿಯ ಸೈನಿಕರಿಗೆ ಆ ದಾರಿ ತಿಳಿಯಿತು ಎಂದು ನಮ್ಮೂರಲ್ಲಿ ಕಥೆ ಹೇಳುತ್ತಾರೆ. ಅಣ್ಣ ಹೊಳಲ್ಕೆರೆಯಲ್ಲಿ ಕೂತೇ ಲೆಕ್ಕ ನೋಡಲಿ ಅಂತ ರೂಟರಿನಲ್ಲಿ ನಾನೂ ಅಂಥದ್ದೊಂದು ಕಿಂಡಿ ತೆಗೆದಿದ್ದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರು ಹೀಗೆ ಇಂಟರ್ನೆಟ್ಟಿಗೆ ಮುಖಮಾಡಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಡಬ್ಬಿಗಳನ್ನು ಹುಡುಕಿ ಹಿಡಿದು 0.03 ಬಿಟ್‌ಕಾಯಿನ್ ಕೇಳಿತು. ಕಿಂಡಿ ಮುಚ್ಚಿದೆ. ಈಗ ಅಣ್ಣ ವಿಪಿಎನ್ ಎಂಬ ಬೀಗವಿರುವ ಸುರಂಗದಿಂದಲೇ ಬರಬೇಕು.

ಅಳಿದ ಲೆಕ್ಕ ಸಿಕ್ಕಿತು, ಸ್ನ್ಯಾಪ್‌ಶಾಟಿನಿಂದ. ಫೈಲು ಬದಲಾದರೆ ಹೊಸತನ್ನು ಬೇರೆ ಜಾಗದಲ್ಲಿ ಬರೆದು, ಅಳಿಸಿದರೂ ಹಳೆಯದನ್ನು ಹಾಗೇ ಇಟ್ಟುಕೊಳ್ಳುವ ಉಪಾಯ ಅದು. ಅದನ್ನೂ ಪೂರ್ತಿ ನಂಬದೆ, ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕಿ ಹೊಳಲ್ಕೆರೆಯ ಅತ್ತಿಗೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಯಾರು ಏನು ಮಾಡಬಹುದು ಅನ್ನುವ ಪಟ್ಟಿಯನ್ನೂ ತಿದ್ದಿದೆ.

‘ಅಣ್ಣ, ಲೆಕ್ಕ ನೀನೊಬ್ಬನೇ ಬರೀಬಹುದು. ನಿನ್ನ ಮಗನಿಗೆ ಆ ಫೋಲ್ಡರ್ ಕಾಣೋದೇ ಇಲ್ಲ. ಫೋಟೊ ಎಲ್ಲರಿಗೂ ನೋಡೋಕೆ ಮಾತ್ರ’ ಎಂದೆ.

‘ನಿನಗೆ?’

‘ನನಗೂ ಅಷ್ಟೇ. ಅಡ್ಮಿನ್ ಖಾತೆ ಬೇರೆ ಇಟ್ಟಿದ್ದೀನಿ.’

‘ನಿನ್ನ ಮನೇಲಿ ನಿನಗೇ ಅಪ್ಪಣೆ ಇಲ್ವೇನೋ!’ ಎಂದು ನಕ್ಕ.