ಅಕಾರ್ಡಿಯನ್ ಪೆಟ್ಟಿಗೆಯ ತಾಳ

1976ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹೈಸ್ಕೂಲೊಂದಕ್ಕೆ ಮಾತಾಡಲು ಬಂದ ರೇಡಿಯೊ ನಿರೂಪಕ ಡಾಕ್ಟರ್ ಡಿಮೆಂಟೊನ ಕೈಗೆ 16 ವರ್ಷದ ಹುಡುಗನೊಬ್ಬ ಕ್ಯಾಸೆಟ್ ಕೊಟ್ಟ. ಅದರಲ್ಲಿದ್ದದ್ದು ಮನೆಯ ಹಳೆಯ ಕಾರಿನ ಮೇಲೆ ತಾನೇ ಕಟ್ಟಿ, ಅಕಾರ್ಡಿಯನ್ ನುಡಿಸಿ ಹಾಡಿದ ಹಾಡು. ಅದು ಪ್ರಸಾರವಾಯಿತು, ಹುಡುಗ ಮುಂದೆ ಅಣಕು ಹಾಡುಗಳ ದೊರೆ 'ವಿಯರ್ಡ್ ಆಲ್' ಯಾಂಕೊವಿಕ್ ಎನಿಸಿಕೊಂಡ. ಎಲೆಮರೆಯ ಕಾಯಿಯೊಂದು ಕಣ್ಣಿಗೆ ಬಿದ್ದ ಕಥೆಯೆಂದು ಇದನ್ನು ಹೇಳುವುದು ರೂಢಿ. ಆದರೆ ಆ ಕಾಯಿಗೆ ನೀರೆರೆದದ್ದೂ ಅದೇ ರೇಡಿಯೊ ಎಂಬ ಮಾತು ಹಿಂದೆ ಉಳಿದುಬಿಡುತ್ತದೆ.

ಡಿಮೆಂಟೊನ ನಿಜ ಹೆಸರು ಬ್ಯಾರೆಟ್ ಹ್ಯಾನ್ಸೆನ್. ಜಾನಪದದಲ್ಲಿ ಸ್ನಾತಕೋತ್ತರ ಪದವಿ ಪಡೆದವನು, ಹಳೆಯ ರೆಕಾರ್ಡುಗಳ ಹುಚ್ಚಿನವನು. 1970ರಲ್ಲಿ ಪ್ಯಾಸಡೀನಾದ ಕೇಂದ್ರವೊಂದರಲ್ಲಿ ಹಳೆಯ ರಾಕ್ ಹಾಡು ಹಾಕಲು ಕೂತರೆ, ಕೇಳುಗರು ಬೇಡಿದ್ದು ನಗಿಸುವ ಹಾಡುಗಳನ್ನು. ಬೇಡಿಕೆಯೇ ಕಾರ್ಯಕ್ರಮದ ದಾರಿ ತಿರುಗಿಸಿತು. ಪಾತ್ರೆ ಪಡಗ, ಕಾರಿನ ಹಾರನ್ನುಗಳಿಂದ ಗಂಭೀರ ಸಂಗೀತವನ್ನು ಕೆಣಕಿದ 1940ರ ದಶಕದ ಸ್ಪೈಕ್ ಜೋನ್ಸ್, 1953ರಲ್ಲಿ ತನ್ನ ಖರ್ಚಿನಲ್ಲೇ ರೆಕಾರ್ಡು ಮಾಡಿ ಮಾರಿದ ಗಣಿತದ ಮೇಷ್ಟ್ರು ಟಾಮ್ ಲೆಹ್ರರ್, ಅಣಕು ಹಾಡುಗಾರರಾದ ಸ್ಟಾನ್ ಫ್ರೀಬರ್ಗ್, ಆಲನ್ ಶರ್ಮನ್, ಇವರೆಲ್ಲ ಒಂದೇ ಸಂಜೆ ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಎಪ್ಪತ್ತರ ದಶಕದ ಹೈಸ್ಕೂಲು ಹುಡುಗನಿಗೆ ಇದು ಅಪ್ಪನ ಕಾಲದ ಸರಕು, ತಾನಾಗಿ ಹುಡುಕಿಕೊಂಡು ಹೋಗುವಂಥದ್ದಲ್ಲ. ಅಂಥವನಿಗೆ ನಗುವಿಗೂ ಒಂದು ವಂಶಾವಳಿಯಿದೆ ಎಂದು ಗೊತ್ತಾದದ್ದು ಇಲ್ಲಿ. ವಾರದ ಮೆಚ್ಚಿನ ಐದು ಹಾಡುಗಳು ಕೇಳುಗರ ಕೋರಿಕೆಯಿಂದಲೇ ಆಯ್ಕೆಯಾಗುತ್ತಿದ್ದವು. ಕೋರಿಕೆ ಕಳಿಸುವವನು ಒಂದು ದಿನ ಹಾಡನ್ನೇ ಕಳಿಸಿದರೆ ಆಶ್ಚರ್ಯವೇನು?

ಪ್ರತಿಭೆಯಿದ್ದವನು ಹೇಗೂ ಮೇಲೆ ಬರುತ್ತಿದ್ದ ಎನ್ನಬಹುದು. ಆದರೆ ಅವನ ಮುಂದಿನ ಹೆಜ್ಜೆಗಳನ್ನು ನೋಡಿ. 1979ರಲ್ಲಿ 'ಮೈ ಶರೋನಾ' ಹಾಡಿನ ಅಣಕವನ್ನು ಅವನು ಮುದ್ರಿಸಿಕೊಂಡದ್ದು ಕಾಲೇಜು ರೇಡಿಯೊ ಕೇಂದ್ರದ ಎದುರಿನ ಬಚ್ಚಲುಮನೆಯಲ್ಲಿ, ಅಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು. 1980ರ ಸೆಪ್ಟೆಂಬರ್ 14ರಂದು ಕ್ವೀನ್ ತಂಡದ ಹಾಡೊಂದನ್ನು ಬಸ್ಸಿನ ನೂಕುನುಗ್ಗಲಿನ ಹಾಡಾಗಿ ತಿರುಚಿ ಡಿಮೆಂಟೊನ ಕಾರ್ಯಕ್ರಮದಲ್ಲೇ ನೇರವಾಗಿ ಹಾಡಿದ. ತಾಳಕ್ಕೆ ಜಾನ್ ಶ್ವಾರ್ಟ್ಸ್ ಎಂಬಾತ ಬಡಿದದ್ದು ಅಕಾರ್ಡಿಯನ್ ಪೆಟ್ಟಿಗೆಯನ್ನು. ಇಷ್ಟು ಹರಕುಮುರುಕಾದ ಸರಕನ್ನು ಅಳುಕಿಲ್ಲದೆ ಪ್ರಸಾರ ಮಾಡುವ ಜಾಗ ಬೇರೆ ಎಷ್ಟಿದ್ದವು? ಯೂಟ್ಯೂಬ್ ಇಂದು ಎಲ್ಲರಿಗೂ ಆ ಜಾಗ ಕೊಟ್ಟಿದೆ, ನಿಜ. ಹ್ಯಾನ್ಸೆನ್ ಒಬ್ಬನ ಕಪಾಟು, ಒಬ್ಬನ ರುಚಿ ಕಿರಿದೇ ಎಂಬುದನ್ನೂ ಒಪ್ಪಬೇಕು. ಆದರೂ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಬಡಿಸುವ ಯಂತ್ರ ಬೇರೆ, ಕೇಳದೇ ಇದ್ದದ್ದನ್ನೂ ಎಲೆಗೆ ಹಾಕುವ ಮನುಷ್ಯ ಬೇರೆ. 2014ರಲ್ಲಿ ಯಾಂಕೊವಿಕ್‌ನ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಸ್ಯದ ಆಲ್ಬಮ್ಮೊಂದು ಅದಕ್ಕೆ ಮುಂಚೆ ಆ ಸ್ಥಾನದಲ್ಲಿದ್ದದ್ದು 1963ರಲ್ಲಿ. ಅದು ಡಿಮೆಂಟೊನ ಸಂಜೆಗಳಲ್ಲಿ ಬರುತ್ತಿದ್ದ ಅದೇ ಆಲನ್ ಶರ್ಮನ್‌ನದು.