ವಾರದ ಅಡುಗೆಯ ಪ್ಯಾಕೆಟ್: ಒಲೆಗೂ ಫ್ರೀಜರ್‌ಗೂ ನಡುವಿನ ಹೊತ್ತೇ ಮುಖ್ಯ

ಮುಂಬಯಿ, ಪುಣೆ, ಹೈದರಾಬಾದಿನಂಥ ಊರುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ನಮ್ಮ ಹೋಟೆಲುಗಳ ಸುತ್ತಮುತ್ತ ಸಾಕಷ್ಟಿವೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟೂವರೆಗೆ ಹಿಂದಿರುಗುವವರಿಗೆ ತೊಗರಿಬೇಳೆ ಬೇಯಿಸಿ, ತರಕಾರಿ ಹೆಚ್ಚಿ, ಒಗ್ಗರಣೆ ಹಾಕುವ ತ್ರಾಣ ಎಲ್ಲಿಂದ ಬರಬೇಕು? ಇಂಥವರಲ್ಲಿ ಕೆಲವರು ಭಾನುವಾರವೇ ವಾರಕ್ಕಾಗುವಷ್ಟು ಅಡುಗೆ ಮಾಡಿ ಫ್ರೀಜರ್‌ನಲ್ಲಿಟ್ಟು, ದಿನಕ್ಕೊಂದು ಡಬ್ಬ ತೆಗೆದು ಬಿಸಿ ಮಾಡಿಕೊಳ್ಳುತ್ತಾರೆ. ಉಳಿದವರು ಮೊಬೈಲಿನಲ್ಲಿ ಊಟ ತರಿಸುತ್ತಾರೆ. ಆ ಊಟ ನಮ್ಮ ಹೋಟೆಲಿನಿಂದಲೇ ಹೋದರೂ ಅದರ ಕಮಿಷನ್ ಮಾತ್ರ ನಮ್ಮ ಗಲ್ಲಾಕ್ಕೆ ಬರುವುದಿಲ್ಲ.

ಈ ಗಿರಾಕಿಗೆ ಬೇಕಾದದ್ದು ಕಡಿಮೆ ಖರ್ಚಿನ, ಹೊಟ್ಟೆಗೆ ಹಿತವಾದ, ಒಂದು ವಾರ ನಂಬಬಹುದಾದ ಮನೆಯೂಟ. ದೊಡ್ಡ ಪಾತ್ರೆಯಲ್ಲಿ ಒಂದೇ ರುಚಿಗೆ ಅಡುಗೆ ಇಳಿಸುವುದು ನಮ್ಮವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಹಾಗಾದರೆ ವಾರದ ಪ್ಯಾಕೆಟ್ಟನ್ನು ನಾವೇ ಯಾಕೆ ಮಾರಬಾರದು?

ಹೋಟೆಲ್ ಪ್ಯಾಕೆಟ್ಟಿಗೆ ಇಳಿದದ್ದು ಹೊಸತೇನಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂ.ಟಿ.ಆರ್., ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ದರಕ್ಕೆ ಸರಕಾರದ ಅಂಕುಶ ಬಿದ್ದಾಗ ಪುಡಿ, ಮಿಕ್ಸ್‌ಗಳ ದಾರಿ ಹಿಡಿಯಿತು. 2005ರಲ್ಲಿ ಅದೇ ಬೆಂಗಳೂರಿನ ಒಂದು ಚಿಕ್ಕ ಕೋಣೆಯಲ್ಲಿ ಶುರುವಾದ ಐಡಿ ಫ್ರೆಶ್, ಇಡ್ಲಿ ದೋಸೆ ಹಿಟ್ಟನ್ನೇ ದೊಡ್ಡ ವ್ಯಾಪಾರ ಮಾಡಿತು. ರುಬ್ಬುವ ಕಲ್ಲು ನಮ್ಮಲ್ಲಿತ್ತು, ಪ್ಯಾಕೆಟ್ ಬೇರೆಯವರದಾಯಿತು. ಆದರೆ ಇಳಿಯುವ ಮುನ್ನ ತಿಳಿದಿರಬೇಕಾದ ಮಾತೊಂದಿದೆ. ಈ ವ್ಯಾಪಾರದ ಗುಟ್ಟು ಫ್ರೀಜರ್‌ನಲ್ಲಿಲ್ಲ, ಅಡುಗೆ ಒಲೆಯಿಂದ ಇಳಿದು ಫ್ರೀಜರ್ ಸೇರುವ ತನಕದ ಹೊತ್ತಿನಲ್ಲಿದೆ.

ಉಳಿದದ್ದನ್ನು ತುಂಬುವುದಲ್ಲ

ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಉಳಿದ ಹತ್ತು ಲೀಟರ್ ಸಾಂಬಾರನ್ನು ಕಂಡಾಗ ಯಾರಿಗಾದರೂ ಆಸೆಯಾಗುವುದು ಸಹಜ. ಇದನ್ನೇ ಪ್ಯಾಕ್ ಮಾಡಿದರೆ ನಷ್ಟ ತಪ್ಪೀತಲ್ಲ ಎಂಬ ಲೆಕ್ಕ. ಈ ಲೆಕ್ಕವನ್ನು ಮೊದಲ ದಿನವೇ ಬಿಡಬೇಕು. ನಾಲ್ಕೈದು ಗಂಟೆ ಕೌಂಟರಿನಲ್ಲಿದ್ದು, ನೂರು ಸಲ ಸೌಟು ಮುಳುಗಿದ ಸಾಂಬಾರು ಪ್ಯಾಕೆಟ್ಟಿನ ಸಾಂಬಾರಲ್ಲ. ಫ್ರೀಜರ್ ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ, ಇದ್ದುದನ್ನು ಇದ್ದಂತೆ ನಿಲ್ಲಿಸುತ್ತದೆ, ಅಷ್ಟೆ. ಒಳಗಿರುವ ಕ್ರಿಮಿಗಳು ಮಲಗುತ್ತವೆಯೇ ಹೊರತು ಎಲ್ಲವೂ ಸಾಯುವುದಿಲ್ಲ. ಪ್ಯಾಕೆಟ್ಟಿಗೆಂದೇ ಬೇರೆ ಪಾತ್ರೆ ಇಡಬೇಕು, ಕುದಿ ಬಂದ ಪಾತ್ರೆಯಿಂದಲೇ ನೇರ ತುಂಬುವ ಕೆಲಸ ಆರಂಭವಾಗಬೇಕು.

ಅಪಾಯ ಎಲ್ಲಿದೆ?

ಅಡುಗೆ ಚೆನ್ನಾಗಿ ಕುದ್ದರೆ ಕ್ರಿಮಿಗಳೆಲ್ಲ ಸತ್ತವು ಎಂದು ನಾವು ಭಾವಿಸುತ್ತೇವೆ. ಆದರೆ ಅನ್ನದಲ್ಲಿ ಬರುವ ಬ್ಯಾಸಿಲಸ್ ಸೀರಿಯಸ್, ಬೇಳೆ ಮತ್ತು ಗ್ರೇವಿಗಳಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಎಂಬ ಕ್ರಿಮಿಗಳು ಬೀಜದ ರೂಪದಲ್ಲಿ ಕುದಿಯನ್ನೂ ತಡೆದುಕೊಳ್ಳುತ್ತವೆ. ಪಾತ್ರೆ ನಿಧಾನವಾಗಿ ಆರುತ್ತಾ 50 ಡಿಗ್ರಿಗಿಂತ ಕೆಳಗೆ ಬಂದಾಗ ಮೊಳೆತು, ಹದ ಸಿಕ್ಕಿದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅನ್ನದಲ್ಲಿ ಹೀಗೆ ಹುಟ್ಟುವ ವಾಂತಿಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಅಪಾಯದ ವಲಯ 60 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿವರೆಗೆ. 60ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಅನಂತರ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ. ಮೊದಲಿನ ಎರಡು ಗಂಟೆಯೇ ಎಲ್ಲಕ್ಕಿಂತ ಮುಖ್ಯ. ಇಪ್ಪತ್ತು ಲೀಟರಿನ ಪಾತ್ರೆಯನ್ನು ಮುಚ್ಚಿ ಮೂಲೆಯಲ್ಲಿಟ್ಟರೆ ರಾತ್ರಿಯಿಡೀ ಕಳೆದರೂ ನಡುಭಾಗ ಬೆಚ್ಚಗೇ ಇರುತ್ತದೆ. ಬಿಸಿ ಪಾತ್ರೆಯನ್ನು ನೇರ ಫ್ರೀಜರ್‌ಗೆ ತಳ್ಳುವುದೂ ತಪ್ಪು. ಒಳಗಿನ ಹಳೆಯ ಪ್ಯಾಕೆಟ್ಟುಗಳೂ ಕರಗಲಾರಂಭಿಸುತ್ತವೆ, ಯಂತ್ರಕ್ಕೂ ಪೆಟ್ಟು.

ತಣಿಸುವ ಲೆಕ್ಕ

ಮೊದಲು ಸಾಂಬಾರನ್ನು ಸ್ಟೀಲಿನ ಅಗಲ ತಟ್ಟೆಗಳಿಗೆ ಎರಡು ಇಂಚು ಆಳಕ್ಕೆ ಮಾತ್ರ ಸುರಿಯಿರಿ. ತಟ್ಟೆಗಳನ್ನು ನಲ್ಲಿ ನೀರು ತುಂಬಿದ ತೊಟ್ಟಿಯಲ್ಲಿ, ನೀರು ಒಳಗೆ ಸಿಡಿಯದಂತೆ ಇಟ್ಟು, ಶುದ್ಧ ಸೌಟಿನಿಂದ ಕಲಕುತ್ತಿರಿ. 90 ಡಿಗ್ರಿಯಿಂದ 40ರವರೆಗೆ ಇಳಿಸಲು ನೀರೇ ಸಾಕು, ಐಸ್ ವ್ಯರ್ಥ ಮಾಡಬೇಕಾಗಿಲ್ಲ. ಬಿಸಿಯಾದ ನೀರನ್ನು ನೆಲ ತೊಳೆಯಲು ಬಳಸಿ.

40ಕ್ಕೆ ಬಂದ ಮೇಲೆ ಐಸ್. ಒಂದು ಕಿಲೋ ಐಸ್ ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. 20 ಕಿಲೋ ಸಾಂಬಾರನ್ನು 40ರಿಂದ 10 ಡಿಗ್ರಿಗೆ ತರಲು ಸುಮಾರು 600 ಕಿಲೋಕ್ಯಾಲರಿ ತೆಗೆಯಬೇಕು. ಲೆಕ್ಕಕ್ಕೆ ಏಳೂವರೆ ಕಿಲೋ, ಸೋರಿಕೆ ಸೇರಿಸಿ ಹತ್ತು ಹನ್ನೆರಡು ಕಿಲೋ ಐಸ್ ಇಟ್ಟುಕೊಂಡರಾಯಿತು. ತಿನ್ನಲು ಯೋಗ್ಯವಾದ ಐಸನ್ನೇ ತನ್ನಿ. ತಿನ್ನಬಾರದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂಬ ನಿಯಮ 2018ರಲ್ಲೇ ಬಂದಿದೆ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇರಲಿ, ಭಟ್ಟರ ಬೆರಳು ಅದರ ಕೆಲಸ ಮಾಡದು. ಪ್ರತಿ ಪಾತ್ರೆಯ ಹೊತ್ತು ಮತ್ತು ತಾಪವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾಳೆ ದೂರು ಬಂದರೆ ನಿಮ್ಮ ಪರವಾಗಿ ಮಾತಾಡುವ ಸಾಕ್ಷಿ ಅದೊಂದೇ.

ಯಾವುದು ಸೈ, ಯಾವುದು ಬೇಡ

ನಮ್ಮ ಊರಿನ ಮನೆಗಳಲ್ಲಿ ನಿನ್ನೆಯ ಕೊದ್ದೆಲ್ ಇಂದು ಹೆಚ್ಚು ರುಚಿ ಎನ್ನುವ ಮಾತಿದೆ. ಹುಳಿ, ಖಾರ ಹೀರಿಕೊಳ್ಳುವ ಬೇಳೆಕಾಳಿನ ಅಡುಗೆಗಳೇ ಫ್ರೀಜರ್‌ಗೂ ಒಗ್ಗುತ್ತವೆ. ಸಾಂಬಾರು, ಸಾರು, ಅಲಸಂದೆ ಅಥವಾ ಹೆಸರುಕಾಳಿನ ಗಸಿ, ಛೋಲೆ, ರಾಜ್ಮಾ ಇವೆಲ್ಲ ಸೈ. ಬಿಸಿಬೇಳೆಬಾತ್ ತುಸು ತೆಳ್ಳಗೆ ಇಳಿಸಿದರೆ ಬಿಸಿ ಮಾಡುವಾಗ ಹದಕ್ಕೆ ಬರುತ್ತದೆ. ಇಡ್ಲಿ ಬೇಯಿಸಿಯೇ ಇಡುವುದು ಲೇಸು. ಚಪಾತಿಯನ್ನು ಅರೆ ಬೇಯಿಸಿ, ನಡುವೆ ಬಟರ್ ಪೇಪರ್ ಇಟ್ಟರೆ ಒಂದೊಂದಾಗಿ ಬಿಡಿಸಿಕೊಳ್ಳಬಹುದು.

ಆಲೂಗಡ್ಡೆ ಹೋಳು ಹಿಟ್ಟುಹಿಟ್ಟಾಗುತ್ತದೆ, ಸೌತೆ, ಬೂದುಗುಂಬಳ ನೀರು ಬಿಟ್ಟು ಮೆತ್ತಗಾಗುತ್ತವೆ. ಸಾಂಬಾರಿಗೆ ನುಗ್ಗೆ, ಕ್ಯಾರೆಟ್, ಬೀನ್ಸ್ ಹಾಕಿ. ಮೊಸರನ್ನ, ಮಜ್ಜಿಗೆಹುಳಿ ಒಡೆಯುತ್ತವೆ. ತೆಂಗಿನಕಾಯಿ ಚಟ್ನಿ ನೀರು, ಹಿಂಡಿ ಬೇರೆಯಾಗುತ್ತದೆ, ಅದನ್ನು ಆಯಾ ದಿನಕ್ಕೇ ಬಿಡಿ. ಒಗ್ಗರಣೆಯ ಕರಿಬೇವು, ಕೊತ್ತಂಬರಿ ಸೊಪ್ಪು ಗಿರಾಕಿಯೇ ಕೊನೆಗೆ ಹಾಕಿಕೊಳ್ಳಲಿ.

ಒಂದು ಪಾತ್ರೆಯ ಲೆಕ್ಕ

ಮೂರು ಕಿಲೋ ತೊಗರಿಬೇಳೆ, ನಾಲ್ಕು ಕಿಲೋ ತರಕಾರಿ, 400 ಮಿಲಿಲೀಟರ್ ಎಣ್ಣೆ, 140 ಗ್ರಾಂ ಉಪ್ಪು, ಹುಣಸೆ, ಪುಡಿ ಮತ್ತು ನೀರು ಸೇರಿಸಿ 20 ಕಿಲೋ ಸಾಂಬಾರು ಇಳಿಸಿದರೆ ಅರ್ಧ ಕಿಲೋದ 40 ಪ್ಯಾಕೆಟ್ ಆಗುತ್ತವೆ. ಒಂದು ಪ್ಯಾಕೆಟ್ ಇಬ್ಬರಿಗೆ. ಒಬ್ಬರ ಪಾಲಿಗೆ ಸುಮಾರು 37 ಗ್ರಾಂ ಬೇಳೆ, ಅಂದರೆ 8 ಗ್ರಾಂನಷ್ಟು ಪ್ರೊಟೀನ್, ಒಂದು ಟೀ ಚಮಚ ಎಣ್ಣೆ, ಎರಡು ಗ್ರಾಂಗಿಂತ ಕಡಿಮೆ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ‘ಆರೋಗ್ಯಕರ’ ಎಂದು ಬೋರ್ಡು ಬರೆಯುವುದಕ್ಕಿಂತ ಈ ಲೆಕ್ಕ ಹೇಳಿದರೆ ಗಿರಾಕಿಗೆ ನಂಬಿಕೆ ಬರುತ್ತದೆ.

ದರ ಕಟ್ಟುವಾಗ ಸಾಮಾನಿನ ಜೊತೆ ಗ್ಯಾಸ್, ಐಸ್, ಚೀಲ, ಲೇಬಲ್, ಕರೆಂಟು, ಆಳಿನ ಎರಡು ಗಂಟೆಯ ಸಂಬಳ ಇಷ್ಟನ್ನೂ ಕೂಡಿಸಿ 40ರಿಂದ ಭಾಗಿಸಿ. ಹೊಸಬರು ಮರೆಯುವುದು ಐಸ್ ಮತ್ತು ಆಳಿನ ಲೆಕ್ಕವನ್ನೇ. ಚೀಲ ಆಹಾರಕ್ಕೆ ಯೋಗ್ಯವಾದದ್ದಿರಲಿ, ಚಪ್ಪಟೆಯಾಗಿ ತುಂಬಿ. ನೀರು ಗಡ್ಡೆ ಕಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಅದಕ್ಕೆ ಜಾಗ ಬಿಡಿ. ಫ್ರೀಜರ್‌ನಲ್ಲಿ ಮೊದಲ ರಾತ್ರಿ ಒಂದರ ಮೇಲೊಂದು ಪೇರಿಸಬೇಡಿ.

ಲೈಸೆನ್ಸ್ ಮತ್ತು ಲೇಬಲ್

ತಟ್ಟೆಯಲ್ಲಿ ಬಡಿಸುವುದು ಬೇರೆ, ಮುಂಚಿತವಾಗಿ ಪ್ಯಾಕ್ ಮಾಡಿ ಮಾರುವುದು ಬೇರೆ. ಈಗಿರುವ ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ನಲ್ಲಿ ಈ ಬಗೆಯ ತಯಾರಿಕೆ ಸೇರಿದೆಯೇ ಎಂದು ಮೊದಲು ಕೇಳಿ ತಿಳಿಯಿರಿ. ಜಿಎಸ್‌ಟಿ ದರವೂ ಹೋಟೆಲ್ ಸೇವೆಯದೇ ಆಗಿರಬೇಕೆಂದಿಲ್ಲ, ನಿಮ್ಮ ಆಡಿಟರ್ ಹೇಳಲಿ. 2020ರ ಲೇಬಲ್ ನಿಯಮದಂತೆ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶ, ಹಸಿರು ಗುರುತು, ತೂಕ, ತಯಾರಾದ ಮತ್ತು ಮುಗಿಯುವ ದಿನಾಂಕ, ಲೈಸೆನ್ಸ್ ಸಂಖ್ಯೆ ಇತ್ಯಾದಿ ನಮೂದಿಸಬೇಕು. ಮಾರುಕಟ್ಟೆಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಆಗದವರಿಗಾಗಿ ಅದನ್ನೂ ಬರೆಯಬೇಕು. ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅಂದಾಜಿನಿಂದ ಹಾಕದೆ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷಿಸಿಯೇ ಬರೆಯಿರಿ.

ಗಿರಾಕಿಗೆ ನಾಲ್ಕು ಮಾತು

ಪ್ಯಾಕೆಟ್ ಕೊಡುವಾಗ ಹೇಳಲೇಬೇಕಾದದ್ದು ಇಷ್ಟು. ಮನೆಗೆ ಒಯ್ಯುವಾಗ ದಾರಿಯಲ್ಲಿ ಕರಗದಂತೆ ದಪ್ಪ ಚೀಲದಲ್ಲಿ ಒಯ್ಯಿರಿ. ಕಟ್ಟೆಯ ಮೇಲಿಟ್ಟು ಕರಗಿಸಬೇಡಿ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ. ಬಿಸಿ ಮಾಡುವಾಗ ಬರೀ ಬೆಚ್ಚಗಲ್ಲ, ಕುದಿ ಬರಲಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಕರೆಂಟ್ ಹೋದರೆ ಬಾಗಿಲು ತೆರೆಯದಿರುವುದೇ ಉಪಾಯ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಇದು ನಮ್ಮ ಫ್ರೀಜರ್‌ಗೂ ಸಲ್ಲುವ ಮಾತು.

ಲೈಸೆನ್ಸ್, ಲೇಬಲ್, ಲ್ಯಾಬ್ ಪರೀಕ್ಷೆ ಮುಗಿದ ಮೇಲೆ ಎರಡೇ ಬಗೆಯಿಂದ ಆರಂಭಿಸಿ, ಅವುಗಳಲ್ಲಿ ಒಂದು ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದಿರಲಿ. ಪರಿಚಯದ ಇಪ್ಪತ್ತು ಮನೆಗಳಿಗೆ ನಾಲ್ಕು ವಾರ ಕೊಟ್ಟು ನೋಡಿ. ಬುಧವಾರ ಆರ್ಡರ್, ಶುಕ್ರವಾರ ಅಡುಗೆ, ಭಾನುವಾರ ಕೌಂಟರಿನಲ್ಲೇ ವಿತರಣೆ ಎಂಬ ಕ್ರಮವಿದ್ದರೆ ಸಾಮಾನೂ ಪೋಲಾಗುವುದಿಲ್ಲ, ಮದುವೆ ಆರ್ಡರಿಗೂ ಅಡ್ಡಿಯಿಲ್ಲ. ಐಸ್ ಬರಲಿಲ್ಲ, ಆಳು ಬರಲಿಲ್ಲ ಎಂದಾದರೆ ಆ ವಾರ ಪ್ಯಾಕೆಟ್ ಇಲ್ಲ ಎಂದು ಹೇಳಿಬಿಡಿ. ಒಂದು ವಾರದ ವ್ಯಾಪಾರ ಮುಂದಿನ ವಾರ ಬರುತ್ತದೆ. ಒಂದು ಮನೆಯ ಮಗುವಿಗೆ ಹೊಟ್ಟೆ ಕೆಟ್ಟರೆ, ಬೋರ್ಡಿನ ಮೇಲಿರುವ ಅಪ್ಪ ಅಜ್ಜಂದಿರ ಕಾಲದ ಹೆಸರು ಮತ್ತೆ ಅಷ್ಟು ಸುಲಭವಾಗಿ ಬಾರದು.