ವಿಂಟೇಜ್ ಪೋರ್ಟ್: ಎರಡು ಪರೀಕ್ಷೆಗಳ ವೈನ್

ಪೋರ್ಚುಗಲ್‌ನ ವಿಂಟೇಜ್ ಪೋರ್ಟ್ ವೈನ್ ತನ್ನ ಆಯುಷ್ಯದಲ್ಲಿ ಎರಡು ಪರೀಕ್ಷೆಗಳನ್ನು ಎದುರಿಸುತ್ತದೆ. ದ್ರಾಕ್ಷಿ ಕೊಯ್ದ ಎರಡನೇ ವರ್ಷ ಸರ್ಕಾರಿ ಸಂಸ್ಥೆಯೊಂದರ ಪರಿಣತರು ಅದರ ರುಚಿ ನೋಡಿ ‘ಇದು ಬಾಳುತ್ತದೆ’ ಎಂದು ತೀರ್ಪು ಕೊಡುತ್ತಾರೆ. ಇಪ್ಪತ್ತೋ ನಲವತ್ತೋ ವರ್ಷ ಕಳೆದ ಮೇಲೆ ಬಾಟಲಿ ತೆರೆದವರು ಆ ಮಾತು ನಿಜವಾಯಿತೇ ಎಂದು ನೋಡುತ್ತಾರೆ. ಬಹಳ ಸಲ ಮೊದಲ ತೀರ್ಪು ಕೊಟ್ಟವರು ಒಂದು ತಲೆಮಾರಿನವರು, ಅದನ್ನು ಒರೆಗೆ ಹಚ್ಚುವವರು ಇನ್ನೊಂದು ತಲೆಮಾರಿನವರು.

ಗೋವಾಕ್ಕೆ ಹೋಗಿಬಂದ ನಮ್ಮವರಿಗೆ ‘ಪೋರ್ಟ್ ವೈನ್’ ಎಂದರೆ ಅಗ್ಗದ, ಸಿಹಿಯಾದ ಕೆಂಪು ವೈನ್. ಅಸಲಿ ಪೋರ್ಟ್ ಬರುವುದು ಉತ್ತರ ಪೋರ್ಚುಗಲ್‌ನ ಡೌರೊ ನದಿಯ ಕಣಿವೆಯಿಂದ ಮಾತ್ರ. ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಇರುವಂಥದೇ ಜಿಐ ಮಾನ್ಯತೆ ಭಾರತದಲ್ಲಿ ‘ಪೋರ್ಟೊ’ ಹೆಸರಿಗೂ ಇದೆ. ನಕಲಿ ಮಾಲಿನ ಹಾವಳಿ ತಡೆಯಲು, ಪೋರ್ಚುಗಲ್ ಆಡಳಿತದ ಚುಕ್ಕಾಣಿ ಹಿಡಿದಿದ್ದ ಪೊಂಬಾಲ್ 1756ರಲ್ಲೇ ಈ ಕಣಿವೆಗೆ ಗಡಿ ಗೊತ್ತುಮಾಡಿ, ಮುಂದೆ ಕಲ್ಲು ನೆಡಿಸಿದ. ಅಲ್ಲಿನ ನೆಲ ಪದರುಪದರಾಗಿ ಸೀಳುವ ಶಿಸ್ಟ್ ಕಲ್ಲು. ಬಳ್ಳಿಯ ಬೇರು ಆ ಬಿರುಕುಗಳಲ್ಲಿ ಆಳಕ್ಕಿಳಿದು ನೀರು ಹುಡುಕಬೇಕು. ಕಡಿದಾದ ಬೆಟ್ಟಗಳ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಈ ತೋಟಗಳನ್ನು 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಟೂರಿಗಾ ನಾಸಿಯೊನಾಲ್, ಟೂರಿಗಾ ಫ್ರಾಂಕಾ ಮುಂತಾದ ತಳಿಗಳ ಹಣ್ಣನ್ನು ಗ್ರಾನೈಟ್ ತೊಟ್ಟಿಗಳಿಗೆ ಸುರಿದು ತುಳಿಯುತ್ತಾರೆ. ಹಲವು ತೋಟಗಳಲ್ಲಿ ಇಂದಿಗೂ ಜನರೇ ಸಾಲಾಗಿ ನಿಂತು ಕಾಲಿನಿಂದ ತುಳಿಯುವುದುಂಟು. ಅಂಗಾಲಿಗೆ ಸಿಕ್ಕಿ ಸಿಪ್ಪೆ ಚೆನ್ನಾಗಿ ಜಜ್ಜಿಹೋಗುತ್ತದೆ, ಬೀಜ ಒಡೆಯುವುದಿಲ್ಲ. ಹಾಗಾಗಿ ಬಣ್ಣ ಬಿಡುತ್ತದೆ, ಬೀಜದ ಕಹಿ ಸೇರುವುದಿಲ್ಲ. ರಸ ಹುದುಗಿ ಸಕ್ಕರೆ ಅರ್ಧದಷ್ಟು ಕರಗುವ ಹೊತ್ತಿಗೆ ಶೇ 77ರಷ್ಟು ಆಲ್ಕೊಹಾಲ್ ಇರುವ ದ್ರಾಕ್ಷಿಯ ಮದ್ಯಸಾರವನ್ನು, ಹೆಚ್ಚುಕಡಿಮೆ ನಾಲ್ಕಕ್ಕೊಂದು ಪಾಲಿನ ಲೆಕ್ಕದಲ್ಲಿ, ಬೆರೆಸುತ್ತಾರೆ. ಹುದುಗು ಅಲ್ಲಿಗೆ ನಿಲ್ಲುತ್ತದೆ, ಉಳಿದ ಸಿಹಿ ಉಳಿದುಕೊಳ್ಳುತ್ತದೆ. ಲೀಟರಿಗೆ ಸುಮಾರು ನೂರು ಗ್ರಾಂ ಸಕ್ಕರೆ, ಶೇ 20ರ ಆಸುಪಾಸಿನ ಆಲ್ಕೊಹಾಲ್, ಜೊತೆಗೆ ಸಿಪ್ಪೆಯ ದಟ್ಟ ಒಗರು. ದಶಕಗಟ್ಟಲೆ ಕೆಡದೆ ಉಳಿಯುವ ಶಕ್ತಿ ಬರುವುದು ಈ ಮೂರರ ಕೂಟದಿಂದ.

ಎಲ್ಲ ವರ್ಷದ ಬೆಳೆಯೂ ವಿಂಟೇಜ್ ಆಗುವುದಿಲ್ಲ. ಹತ್ತು ವರ್ಷದಲ್ಲಿ ಸುಮಾರು ಮೂರು ಸಲ ಮಾತ್ರ ಹೆಚ್ಚಿನ ಕಂಪನಿಗಳು ‘ಈ ವರ್ಷ ವಿಂಟೇಜ್’ ಎಂದು ಘೋಷಿಸುತ್ತವೆ. 1945, 1963, 1977, 1994, 2011 ಹಾಗೆ ಹೆಸರಾದ ವರ್ಷಗಳು. ಘೋಷಿಸುವ ಮುನ್ನ 1933ರಲ್ಲಿ ಹುಟ್ಟಿದ ಪೋರ್ಟ್ ವೈನ್ ಸಂಸ್ಥೆಗೆ ಮಾದರಿ ಕಳಿಸಬೇಕು. ಯಾರ ವೈನ್ ಎಂದು ತಿಳಿಯದಂತೆ ಅಲ್ಲಿನ ಪರಿಣತರ ಮುಂದೆ ಗ್ಲಾಸು ಇಡುತ್ತಾರೆ. ಆ ವಯಸ್ಸಿನ ವೈನ್ ಕಪ್ಪಿಗೆ ತಿರುಗಿದ ನೇರಳೆ ಬಣ್ಣದ್ದು. ಹಸಿ ಅಡಕೆ ಜಗಿದಾಗ ಆಗುವಂತೆ ಬಾಯೆಲ್ಲ ಹಿಡಿದುಕೊಳ್ಳುತ್ತದೆ. ಆ ಬಿಗಿತದೊಳಗೆ ಹಣ್ಣಿನ ಸತ್ವ ಎಷ್ಟಿದೆ, ಹುಳಿ ಎಷ್ಟಿದೆ, ಒಗರು ಇಳಿದ ದಿನ ಏನು ಉಳಿದೀತು ಎಂಬುದನ್ನು ಅವರು ಅಂದಾಜು ಮಾಡಬೇಕು. ನಾಲಿಗೆಯ ಮೇಲೆ ಇಲ್ಲದ ರುಚಿಯನ್ನು ಅಳೆಯುವ ಕೆಲಸವಿದು. ವೈನ್ ಲೋಕದಲ್ಲಿ ಇದಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಪೀಪಾಯಿಯಲ್ಲಿ ಎರಡು ವರ್ಷದಷ್ಟು ಕಾಲ ಇದ್ದ ವೈನನ್ನು ಸೋಸದೆಯೇ ಬಾಟಲಿಗೆ ತುಂಬುತ್ತಾರೆ. ಮಾಗುವುದೆಲ್ಲ ಮುಂದೆ ಆ ಗಾಜಿನೊಳಗೇ. ಒಗರಿನ ಕಣಗಳು, ಬಣ್ಣದ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ಗಸಿಯಾಗಿ ಕೂರುತ್ತವೆ. ಎಳೆಯ ಪೋರ್ಟ್‌ನಲ್ಲಿ ನಾಲಿಗೆ ಕಚ್ಚುತ್ತಿದ್ದದ್ದರ ದೊಡ್ಡ ಪಾಲು ಈ ಗಸಿಗೆ ಇಳಿದಿರುತ್ತದೆ.

ಆದ್ದರಿಂದ ಹಳೆಯ ಪೋರ್ಟ್ ತೆರೆಯುವುದಕ್ಕೆ ತಾಳ್ಮೆ ಬೇಕು. ಮಲಗಿಸಿಟ್ಟ ಬಾಟಲಿಯನ್ನು ಹಿಂದಿನ ದಿನವೇ ಎತ್ತಿ ನಿಲ್ಲಿಸಿದರೆ ಗಸಿ ತಳ ಸೇರುತ್ತದೆ. ಬಿರಡೆ ಪುಡಿಯಾಗುವಷ್ಟು ಹಳೆಯದಾಗಿದ್ದರೆ ಕೆಂಪಗೆ ಕಾಯಿಸಿದ ಕಬ್ಬಿಣದ ಇಕ್ಕಳದಿಂದ ಬಾಟಲಿಯ ಕತ್ತನ್ನು ಹಿಡಿದು, ಆಮೇಲೆ ಒದ್ದೆ ಬಟ್ಟೆ ಒತ್ತುತ್ತಾರೆ. ಗಾಜು ಬಿರಡೆಯ ಕೆಳಗೆ ನೀಟಾಗಿ ಬಿಟ್ಟುಕೊಳ್ಳುತ್ತದೆ. ಕತ್ತಿನ ಹಿಂದೆ ಮೋಂಬತ್ತಿ ಹಚ್ಚಿಟ್ಟು, ಕೈ ಅಲುಗದಂತೆ ಒಂದೇ ಧಾರೆಯಲ್ಲಿ ಜಾಡಿಗೆ ಬಗ್ಗಿಸುತ್ತಾರೆ. ತಿಳಿಯಾಗಿ ಹರಿಯುವ ಕೆಂಪಿನಲ್ಲಿ ಹೊಗೆಯಂಥ ಎಳೆಯೊಂದು ಕತ್ತಿನ ಬಳಿ ಬಂದದ್ದು ಬೆಳಕಿಗೆ ಕಂಡೊಡನೆ ಕೈ ನಿಲ್ಲಬೇಕು.

ಗ್ಲಾಸನ್ನು ಬಿಳಿ ಹಿನ್ನೆಲೆಗೆ ಓರೆ ಹಿಡಿದು ಅಂಚನ್ನು ನೋಡುವುದು ಮೊದಲ ಹೆಜ್ಜೆ. ವಯಸ್ಸಾದಂತೆ ನೇರಳೆ ಮಾಣಿಕ್ಯವಾಗಿ, ಮಾಣಿಕ್ಯ ಇಟ್ಟಿಗೆ ಬಣ್ಣವಾಗಿ ತೆಳುವಾಗುತ್ತದೆ. ಬಳಿಕ ಮೂಗು. ಎಳೆತನದ ಹಸಿ ಹಣ್ಣಿನ ಘಮ ಹೋಗಿ ಒಣ ಅಂಜೂರ, ಅಕ್ರೋಟು, ಲವಂಗ, ಹೊಗೆಸೊಪ್ಪಿನ ವಾಸನೆಗಳು ಒಂದೊಂದಾಗಿ ಬರುತ್ತವೆ. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿದೆ ಎಂದರ್ಥ. ಬಾಯಲ್ಲಿ ಸಿಹಿ ಮುಂದೆ ನುಗ್ಗಬಾರದು, ಆಲ್ಕೊಹಾಲ್ ಗಂಟಲು ಸುಡಬಾರದು. ನುಂಗಿದ ಮೇಲೂ ರುಚಿ ಎಷ್ಟು ಹೊತ್ತು ನಿಂತಿತು ಎಂಬುದು ದರ್ಜೆ ಹೇಳುತ್ತದೆ. ‘ಈಗ ಹದ’, ‘ಇನ್ನೂ ಇಡಬಹುದು’, ‘ಕಾಲ ಮೀರಿದೆ’, ಈ ಮೂರರಲ್ಲಿ ಒಂದನ್ನು ಹೇಳಿದಾಗ ಪರೀಕ್ಷೆ ಮುಗಿಯಿತು.

ಈ ಅಭ್ಯಾಸವನ್ನು ಶ್ರದ್ಧೆಯಿಂದ ಉಳಿಸಿಕೊಂಡ ಮನೆಯೊಂದು ಪೋರ್ಟೊ ನಗರದಲ್ಲಿದೆ. ಬ್ರಿಟಿಷ್ ಪೋರ್ಟ್ ವ್ಯಾಪಾರಿಗಳು 1785ರಿಂದ 1790ರ ನಡುವೆ ಕಟ್ಟಿಸಿದ ಫ್ಯಾಕ್ಟರಿ ಹೌಸ್‌ನಲ್ಲಿ ಅಕ್ಕಪಕ್ಕ ಎರಡು ಊಟದ ಕೋಣೆಗಳಿವೆ. ಒಂದರಲ್ಲಿ ಊಟ ಮುಗಿಸಿ, ಅಡುಗೆಯ ವಾಸನೆ ತಾಕದ ಇನ್ನೊಂದಕ್ಕೆ ಎದ್ದು ಹೋಗಿ ಪೋರ್ಟ್ ಕುಡಿಯುತ್ತಾರೆ. ಬುಧವಾರದ ಊಟದ ನಂತರ ಬರುವ ವಿಂಟೇಜ್ ಯಾವ ವರ್ಷದ್ದು, ಯಾವ ಕಂಪನಿಯದು ಎಂದು ಊಹಿಸುವ ಪದ್ಧತಿಯೂ ಇದೆ. ಪರಿಣತರ ನಾಲಿಗೆ ಪಳಗುವುದು ಇಂಥ ಪಂಥಗಳಿಂದಲೇ.

ಪೋರ್ಟೊಗೆ ಹೋಗುವ ಕನ್ನಡಿಗರು ಎದುರು ದಡದ ವಿಲಾ ನೋವಾ ದೆ ಗಾಯಾದಲ್ಲಿರುವ ಪೋರ್ಟ್ ಗೋದಾಮುಗಳಿಗೆ ಹೋಗಬಹುದು. ಹಲವು ಗೋದಾಮುಗಳು ಪ್ರವಾಸಿಗರಿಗೆ ತೆರೆದಿವೆ. ಕುಡಿಯುವ ರೂಢಿಯಿರುವವರು ಎಳೆಯ ವಿಂಟೇಜ್ ಒಂದನ್ನು, ಹಳೆಯದೊಂದನ್ನು ಪಕ್ಕಪಕ್ಕದಲ್ಲಿಟ್ಟು ಗುಟುಕರಿಸಿ ನೋಡಲಿ. ಮೊದಲನೆಯದರ ಒಗರಿನಲ್ಲಿ ಎರಡನೆಯದರ ಮಾಧುರ್ಯವನ್ನು ದಶಕಗಳ ಮೊದಲೇ ಗುರುತಿಸುವುದು ಎಂಥ ಕೌಶಲ ಎಂಬುದು ಆಗ ಅನುಭವಕ್ಕೆ ಬರುತ್ತದೆ.